ಹಳ್ಳಿಯ ಕೆಲಸಕ್ಕೆ ವಿಡಿಯೊ ಕ್ಯಾಮೆರಾ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೀಜೋಪಚಾರ, ಕಸಿ ಕಟ್ಟುವುದು, ಬೋರ್ಡೋ ದ್ರಾವಣ ತಯಾರಿಸುವುದು, ಇವೆಲ್ಲ ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವ ವಿದ್ಯೆಗಳು. ಊರಿನಲ್ಲಿ ಒಬ್ಬರ ಕೈಗೆ ಒಗ್ಗಿದ ಕೆಲಸ ನಾಲ್ಕು ಮನೆಯಾಚೆಗೆ ತಿಳಿಯದೆ ಉಳಿಯುವುದುಂಟು. ಆ ಹಿರಿಯರು ಇಲ್ಲವಾದ ಮೇಲೆ ಕೆಲಸವೂ ಮರೆಯಾಗುವುದುಂಟು. ಇದನ್ನು ಚಿತ್ರದಲ್ಲಿ ಹಿಡಿದಿಡಬೇಕೆಂಬ ಆಸೆ ಈಗ ಅನೇಕ ಸಹಕಾರ ಸಂಘಗಳಿಗೂ ಯುವಕ ಸಂಘಗಳಿಗೂ ಸ್ವಸಹಾಯ ಗುಂಪುಗಳಿಗೂ ಬಂದಿದೆ.

ಆಸೆ ಒಳ್ಳೆಯದೇ. ಆದರೆ ಸಂಘದ ಹಣ ಸದಸ್ಯರ ಹಣ. ಅಂಗಡಿಯವನು ಹೊಗಳಿದನೆಂದು ಕ್ಯಾಮೆರಾ ತಂದು, ಚಿತ್ರವನ್ನು ಜೋಡಿಸಲು ಕಂಪ್ಯೂಟರ್ ಸಾಲದೆ, ಕೊನೆಗೆ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಯಾರಿಗೂ ಪ್ರಯೋಜನವಿಲ್ಲ. ಆದಕಾರಣ ಕೊಳ್ಳುವ ಮುನ್ನ ವಿಚಾರ ಮಾಡುವುದು ಲೇಸು.

ಚಿತ್ರದಿಂದ ಪಾಠ: ಹಿಂದಿನ ಅನುಭವ

ಚಿತ್ರದ ಮೂಲಕ ಬೇಸಾಯ ಕಲಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ದೂರದರ್ಶನದ ‘ಕೃಷಿ ದರ್ಶನ’ ದೆಹಲಿಯಲ್ಲಿ 1967ರ ಜನವರಿ 26ರಂದು ಆರಂಭವಾಯಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ನಮ್ಮ ರಾಜ್ಯದ ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆಗ ಚಿತ್ರ ತೆಗೆಯುವವರು ನಗರದವರು, ನೋಡುವವರು ಮಾತ್ರ ಹಳ್ಳಿಯವರು.

ಈ ಕ್ರಮವನ್ನು ತಿರುಗಿಸಿ ನೋಡಿದ ಪ್ರಯೋಗವೊಂದು 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ‘ಡಿಜಿಟಲ್ ಗ್ರೀನ್’ ಎಂಬುದು ಅದರ ಹೆಸರು. ಗ್ರೀನ್ ಫೌಂಡೇಷನ್ ಸಂಸ್ಥೆಯ ಜೊತೆಗೂಡಿ ಕರ್ನಾಟಕದ ಹಳ್ಳಿಗಳಲ್ಲಿ ರೈತರ ಕೆಲಸವನ್ನು ಅವರ ಹೊಲದಲ್ಲೇ ಚಿತ್ರಿಸಿ, ಆಸುಪಾಸಿನ ಊರುಗಳಲ್ಲಿ ಗುಂಪು ಸೇರಿಸಿ ತೋರಿಸಲಾಯಿತು. ಚಿತ್ರ ತೋರಿಸುವವನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದನು, ಚರ್ಚೆ ಮಾಡಿಸುತ್ತಿದ್ದನು. 16 ಹಳ್ಳಿಗಳಲ್ಲಿ ಹೋಲಿಸಿ ನೋಡಿದಾಗ, ಮಾಮೂಲಿನ ಕ್ರಮಕ್ಕಿಂತ ಈ ಕ್ರಮದಲ್ಲಿ ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡ ಪ್ರಮಾಣ ಸುಮಾರು ಏಳು ಪಟ್ಟು ಹೆಚ್ಚೆಂದು 2009ರಲ್ಲಿ ಪ್ರಕಟವಾದ ವರದಿ ಹೇಳಿತು.

ಆ ಚಿತ್ರಗಳಲ್ಲಿ ಸಿನಿಮಾದ ಬೆಡಗಿರಲಿಲ್ಲ. ತೆರೆಯ ಮೇಲೆ ತಮ್ಮಂತಹ ರೈತನೇ ಕಾಣುತ್ತಿದ್ದುದರಿಂದ, ಅವನಿಗಾದದ್ದು ತಮಗೂ ಆದೀತೆಂಬ ಭರವಸೆ ನೋಡುವವರಲ್ಲಿ ಹುಟ್ಟಿತು. ಕ್ಯಾಮೆರಾ ಕೊಳ್ಳುವಾಗ ಈ ಮಾತನ್ನು ನೆನಪಿನಲ್ಲಿಡಬೇಕು.

ಮೊದಲು ಕೆಲಸ, ಅನಂತರ ಕ್ಯಾಮೆರಾ

ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳುವುದು, ಯಾವ ಎತ್ತು ಒಳ್ಳೆಯದು ಎಂದು ಕೇಳಿದಂತೆ. ಉಳುವುದಕ್ಕೋ, ಗಾಡಿಗೋ, ಭೂಮಿ ಎರೆಯೋ, ಕೆಂಪೋ ಎಂಬುದನ್ನು ತಿಳಿಯದೆ ಉತ್ತರ ಹೇಳಲಾಗದು.

ಉದಾಹರಣೆಗೆ ಮಲೆನಾಡಿನ ಸಂಘವೊಂದು ಅಡಿಕೆಯ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ತಯಾರಿಸುವ ಬಗೆಯನ್ನು ಚಿತ್ರಿಸಬೇಕೆಂದಿದೆ ಎಂದು ಇಟ್ಟುಕೊಳ್ಳೋಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪಡಣೆಯನ್ನು ಶಿಫಾರಸು ಮಾಡಿದಂದಿನಿಂದ, ಇದನ್ನು ತಂದೆ ಮಗನಿಗೆ ಕೈಯಿಂದಲೇ ತೋರಿಸಿಕೊಡುತ್ತ ಬಂದಿದ್ದಾರೆ. ಈ ಕೆಲಸಕ್ಕೆ ಮೂರು ಬಗೆಯ ಚಿತ್ರ ಬೇಕು. ಒಂದು, ಪೀಪಾಯಿಯ ಹತ್ತಿರ ನಿಂತು ದ್ರಾವಣ ಬೆರೆಸುವ ಚಿತ್ರ. ಎರಡು, ಪರೀಕ್ಷೆಗೆ ಅದ್ದಿದ ಚೂರಿಯ ಅಲಗನ್ನು ತೀರ ಹತ್ತಿರದಿಂದ ತೋರಿಸುವ ಚಿತ್ರ. ಮೂರು, 40 ಅಡಿ ಮೇಲಿನ ಗೊನೆಗೆ ಕೊನೆಗಾರ ಔಷಧಿ ಹೊಡೆಯುವ ಚಿತ್ರ.

ಮೊದಲ ಎರಡಕ್ಕೆ ಒಳ್ಳೆಯ ಮೊಬೈಲ್ ಫೋನೇ ಸಾಕು. ಮೂರನೆಯದಕ್ಕೆ ಫೋನು ಸೋಲುತ್ತದೆ, ಅಲ್ಲಿ ಕ್ಯಾಮ್‌ಕಾರ್ಡರಿನ ದೂರದ ಕಣ್ಣು ಬೇಕು. ಹೀಗೆ ನಿಮ್ಮ ಕೆಲಸದ ಪಟ್ಟಿಯನ್ನು ಮೊದಲು ಬರೆದುಕೊಳ್ಳಿ. ಪಟ್ಟಿಯಲ್ಲಿ ದೂರದ ಚಿತ್ರ, ಎಡೆಬಿಡದ ದೀರ್ಘ ಚಿತ್ರಣ, ಸಭೆ ಸಮಾರಂಭ ಇಲ್ಲದಿದ್ದರೆ ಇರುವ ಫೋನಿಗೇ ಒಂದು ಮೈಕು, ಒಂದು ಮುಕ್ಕಾಲಿ ಕೊಂಡು ಕೆಲಸ ಆರಂಭಿಸುವುದು ಮಿತವ್ಯಯದ ದಾರಿ.

ಹೈ ಡೆಫಿನಿಷನ್ ಎಂದರೇನು?

ವಿಡಿಯೊ ಚಿತ್ರ ಎಂದರೆ ಚುಕ್ಕಿಗಳ ಸಾಲು. ಹಳೆಯ ಟಿ.ವಿ. ಚಿತ್ರದಲ್ಲಿ 576 ಸಾಲುಗಳಿದ್ದವು. ಹೈ ಡೆಫಿನಿಷನ್ನಿನಲ್ಲಿ ಎರಡು ಬಗೆ: ಅಡ್ಡಕ್ಕೆ 1280 ಚುಕ್ಕಿ ಮತ್ತು 720 ಸಾಲಿನದು ಒಂದು, 1920 ಚುಕ್ಕಿ ಮತ್ತು 1080 ಸಾಲಿನ ಪೂರ್ಣ ಎಚ್.ಡಿ. ಇನ್ನೊಂದು. ‘ಫೋರ್ ಕೆ’ ಎಂಬುದರಲ್ಲಿ 3840 ಚುಕ್ಕಿ, 2160 ಸಾಲು. ಅಂದರೆ ಪೂರ್ಣ ಎಚ್.ಡಿ.ಯ ನಾಲ್ಕು ಪಟ್ಟು.

ಚುಕ್ಕಿ ಹೆಚ್ಚಾದಂತೆ ವಿವರ ಹೆಚ್ಚುತ್ತದೆ, ಜೊತೆಗೆ ಕಾರ್ಡು, ಕಂಪ್ಯೂಟರ್, ಕರೆಂಟಿನ ಖರ್ಚೂ ಹೆಚ್ಚುತ್ತದೆ. ನಮ್ಮ ಚಿತ್ರವನ್ನು ನೋಡುವುದು ಫೋನಿನಲ್ಲಿ, ಪಂಚಾಯಿತಿಯ ಟಿ.ವಿ.ಯಲ್ಲಿ, ಇಲ್ಲವೆ ಗೋಡೆಯ ಮೇಲಿನ ಪ್ರೊಜೆಕ್ಟರಿನಲ್ಲಿ. ಅದಕ್ಕೆ ಪೂರ್ಣ ಎಚ್.ಡಿ. ಧಾರಾಳವಾಗಿ ಸಾಕು. ಫೋರ್ ಕೆ ಇದ್ದರೆ ಒಂದು ಅನುಕೂಲವುಂಟು: ದೂರದಿಂದ ತೆಗೆದ ಚಿತ್ರದ ಒಂದು ಭಾಗವನ್ನು ಆಮೇಲೆ ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ. ಈ ಒಂದು ಅನುಕೂಲಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಹಳೆಯ ಕ್ಯಾಮೆರಾ ಅಗ್ಗಕ್ಕೆ ಸಿಕ್ಕರೆ?

2003ರಲ್ಲಿ ಬಂದ ಎಚ್‌ಡಿವಿ ಎಂಬ ಪದ್ಧತಿಯಲ್ಲಿ ಹೈ ಡೆಫಿನಿಷನ್ ಚಿತ್ರ ಚಿಕ್ಕ ಟೇಪಿನ ಮೇಲೆ ದಾಖಲಾಗುತ್ತಿತ್ತು. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಕಂಪನಿಗಳು ಎವಿಸಿಎಚ್‌ಡಿ ಎಂಬ ಪದ್ಧತಿ ತಂದ ಮೇಲೆ ಟೇಪಿನ ಜಾಗಕ್ಕೆ ಮೆಮೊರಿ ಕಾರ್ಡು ಬಂತು. ಈಗ ಮದುವೆ ಸ್ಟುಡಿಯೊಗಳು ಹಳೆಯ ಕ್ಯಾಮೆರಾಗಳನ್ನು ಮಾರುವುದುಂಟು.

ಟೇಪಿನ ಕ್ಯಾಮೆರಾ ಎಷ್ಟು ಅಗ್ಗವಾದರೂ ಬೇಡ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಇಳಿಸಲು ಬೇಕಾದ ಫೈರ್‌ವೈರ್ ಎಂಬ ಜೋಡಣೆ ಇಂದಿನ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಕಾರ್ಡಿನ ಹಳೆಯ ಕ್ಯಾಮ್‌ಕಾರ್ಡರ್ ಆದರೆ ಯೋಚಿಸಬಹುದು. ಅದರ ಬ್ಯಾಟರಿ ಈಗಲೂ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಮನೆಬಳಕೆಯ ಹೊಸ ಕ್ಯಾಮ್‌ಕಾರ್ಡರ್ ಮಾದರಿಗಳು ಈಗ ಮಾರುಕಟ್ಟೆಯಲ್ಲಿ ಮೊದಲಿನಷ್ಟು ಇಲ್ಲವಾದ್ದರಿಂದ, ರಿಪೇರಿ ಎಲ್ಲಿ ಆಗುತ್ತದೆಂಬುದನ್ನೂ ಕೇಳಿಕೊಳ್ಳಬೇಕು.

ಕೊಳ್ಳುವಾಗ ನೋಡಬೇಕಾದ ಎಂಟು ಅಂಶಗಳು

1. ಮೈಕಿನ ತೂತು: ಹೊರಗಿನ ಮೈಕು ಸಿಕ್ಕಿಸಲು ಅವಕಾಶವಿಲ್ಲದ ಕ್ಯಾಮೆರಾ ನಮ್ಮ ಕೆಲಸಕ್ಕೆ ಬಾರದು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ರೈತನ ಮಾತನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಗಾಳಿಯ ಸದ್ದು ತಡೆಯಲು ಮೈಕಿಗೆ ಸ್ಪಂಜಿನ ಇಲ್ಲವೆ ರೋಮದ ಹೊದಿಕೆ ಇರಲಿ.

2. ಕಿವಿಗೆ ಕೇಳುವ ತೂತು: ಹೆಡ್‌ಫೋನ್ ಹಾಕಿಕೊಂಡು ಕೇಳುತ್ತ ಚಿತ್ರಿಸಿದರೆ, ಮೈಕು ಕೆಲಸ ಮಾಡದಿರುವುದು ಅಲ್ಲಿಯೇ ತಿಳಿಯುತ್ತದೆ.

3. ಝೂಮ್: ಮಸೂರದಿಂದ ಆಗುವ ಆಪ್ಟಿಕಲ್ ಝೂಮನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಡಿಜಿಟಲ್ ಝೂಮ್ ಎಂಬುದು ಇದ್ದ ಚಿತ್ರವನ್ನೇ ಹಿಗ್ಗಿಸುವುದಷ್ಟೆ.

4. ಮಂದ ಬೆಳಕು: ಅಡಿಕೆ ತೋಟದ ನೆರಳು, ದನದ ಕೊಟ್ಟಿಗೆ, ರೇಷ್ಮೆ ಮನೆ, ಇವು ಕ್ಯಾಮೆರಾಗೆ ಕಷ್ಟದ ಜಾಗಗಳು. ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಮೂಲೆಯ ಕತ್ತಲಲ್ಲಿ ಹಿಡಿದು ನೋಡಿ. ಒಳಗಿನ ಸೆನ್ಸರ್ ಎಂಬ ಬಿಲ್ಲೆ ದೊಡ್ಡದಾದಷ್ಟೂ ಮಂದ ಬೆಳಕಿನ ಚಿತ್ರದಲ್ಲಿ ಕಾಳುಕಾಳು ಕಡಿಮೆ.

5. ಕೈಯಿಂದ ಹೊಂದಿಸುವ ಸೌಲಭ್ಯ: ಫೋಕಸ್, ಬೆಳಕು, ಬಣ್ಣ ಮೂರನ್ನೂ ನಾವೇ ಹೊಂದಿಸುವಂತಿರಬೇಕು. ಗಾಳಿಗೆ ಎಲೆ ಅಲ್ಲಾಡಿದರೆ ತಾನೇ ಫೋಕಸ್ ಮಾಡುವ ಕ್ಯಾಮೆರಾ ಹುಳವನ್ನು ಬಿಟ್ಟು ಹಿಂದಿನ ಬೇಲಿಯನ್ನು ಹಿಡಿಯುತ್ತದೆ.

6. 50 ಆವರ್ತದ ವ್ಯವಸ್ಥೆ: ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಆದ್ದರಿಂದ ಟ್ಯೂಬ್‌ಲೈಟ್ ಮತ್ತು ಅನೇಕ ಎಲ್‌ಇಡಿ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಅಮೆರಿಕದಿಂದ ನೆಂಟರು ತಂದ ಕ್ಯಾಮೆರಾ 60 ಆವರ್ತದ ವ್ಯವಸ್ಥೆಯದು. ಅದರಲ್ಲಿ ತೆಗೆದರೆ ಚಿತ್ರದಲ್ಲಿ ಪಟ್ಟೆ ಹರಿದಾಡುವುದುಂಟು. ಷಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಈ ದೋಷ ಹೋಗುತ್ತದೆ.

7. ಬ್ಯಾಟರಿ: ಒಂದರ ಜಾಗದಲ್ಲಿ ಎರಡಿರಲಿ. ಕರೆಂಟು ನಮ್ಮ ಅನುಕೂಲ ನೋಡಿ ಬರುವುದಿಲ್ಲ.

8. ಎಡೆಬಿಡದ ಚಿತ್ರಣ: ಕೆಲವು ಸ್ಟಿಲ್ ಕ್ಯಾಮೆರಾಗಳು ಸುಮಾರು 30 ನಿಮಿಷಕ್ಕೆ ತಾವೇ ನಿಂತುಬಿಡುತ್ತವೆ, ಬಿಸಿಲಲ್ಲಿ ಕಾದರೆ ಇನ್ನೂ ಮೊದಲೇ ನಿಲ್ಲಬಹುದು. ಹಸು ಕರು ಹಾಕುವುದನ್ನೋ ತರಬೇತಿಯ ಭಾಷಣವನ್ನೋ ಪೂರ್ತಿ ಚಿತ್ರಿಸುವವರು ಇದನ್ನು ಕೇಳಿ ತಿಳಿಯಬೇಕು.

ಕ್ಯಾಮೆರಾದ ಬೆಲೆಗೆ ಹಣವನ್ನೆಲ್ಲ ಸುರಿಯದೆ ಮೈಕು, ಮುಕ್ಕಾಲಿ, ಕಾರ್ಡು, ಎರಡನೆಯ ಬ್ಯಾಟರಿ ಮತ್ತು ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಮೊದಲೇ ಹಣ ತೆಗೆದಿಡಿ.

ಜಾಗದ ಲೆಕ್ಕ

ಕಾರ್ಡು ಎಷ್ಟು ದೊಡ್ಡದಿರಬೇಕೆಂಬುದು ಸರಳ ಲೆಕ್ಕ. ಎವಿಸಿಎಚ್‌ಡಿ ಕ್ಯಾಮೆರಾ ಉತ್ತಮ ಗುಣಮಟ್ಟದಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ದಾಖಲಿಸುತ್ತದೆ ಎನ್ನಿ. ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾದರೆ ಸೆಕೆಂಡಿಗೆ 3 ಮೆಗಾಬೈಟ್, ನಿಮಿಷಕ್ಕೆ 180, ಗಂಟೆಗೆ ಸುಮಾರು 10.8 ಗಿಗಾಬೈಟ್. 64 ಗಿಗಾಬೈಟಿನ ಕಾರ್ಡಿನಲ್ಲಿ ಐದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ ಫೋರ್ ಕೆ ಕ್ಯಾಮೆರಾಗೆ ಗಂಟೆಗೆ 45 ಗಿಗಾಬೈಟ್ ಬೇಕು. ಅದೇ ಕಾರ್ಡು ಒಂದೂವರೆ ಗಂಟೆಗೂ ಸಾಲದು.

ಕಾರ್ಡಿನ ವೇಗವನ್ನೂ ನೋಡಬೇಕು. ವೃತ್ತದೊಳಗೆ 10 ಎಂದು ಬರೆದಿದ್ದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯಬಲ್ಲದೆಂದು ಅರ್ಥ. ಪೂರ್ಣ ಎಚ್.ಡಿ.ಗೆ ಅದು ಸಾಕು. 100 ಮೆಗಾಬಿಟ್ಟಿನ ಫೋರ್ ಕೆಗೆ ಸೆಕೆಂಡಿಗೆ 12.5 ಮೆಗಾಬೈಟ್ ಬೇಕಾದ್ದರಿಂದ ವಿ30 ಎಂಬ ಗುರುತಿನ ಕಾರ್ಡು ಕೊಳ್ಳಬೇಕು.

ಚಿತ್ರೀಕರಣ: ಬೋರ್ಡೋ ದ್ರಾವಣದ ಉದಾಹರಣೆ

ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. 50 ಲೀಟರ್ ನೀರಿನಲ್ಲಿ ಮೈಲುತುತ್ತವನ್ನೂ ಇನ್ನೊಂದು ಪಾತ್ರೆಯ 50 ಲೀಟರಿನಲ್ಲಿ ಸುಣ್ಣವನ್ನೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಪಾತ್ರೆ ಮಣ್ಣಿನದು, ಮರದ್ದು ಅಥವಾ ಪ್ಲಾಸ್ಟಿಕ್ಕಿನದು ಇರಬೇಕು, ಕಬ್ಬಿಣದ್ದು ಸಲ್ಲದು. ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿದಾಗ ಕೆಂಪು ತಾಮ್ರದ ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸಬೇಕು.

ಇದನ್ನು ಚಿತ್ರಿಸುವ ಮೊದಲು ಹಂತಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಸಾಮಗ್ರಿ, ತೂಕ, ಕರಗಿಸುವುದು, ಸುರಿಯುವುದು, ಚೂರಿ ಪರೀಕ್ಷೆ, ಸಿಂಪಡಣೆ. ಪ್ರತಿ ಹಂತಕ್ಕೂ ದೂರದಿಂದ ಒಂದು, ಹತ್ತಿರದಿಂದ ಒಂದು ಚಿತ್ರ ತೆಗೆಯಿರಿ. ತಕ್ಕಡಿಯ ಮುಳ್ಳು, ಅಳತೆಯ ಪಾತ್ರೆ, ಚೂರಿಯ ಅಲಗು ಇವುಗಳ ಹತ್ತಿರದ ಚಿತ್ರ ಬಿಡಬಾರದು. ಒಂದೊಂದು ಚಿತ್ರವನ್ನೂ ಕನಿಷ್ಠ 10 ಸೆಕೆಂಡು ಅಲುಗಾಡದೆ ಹಿಡಿಯಿರಿ. ಸುಮ್ಮನೆ ಎಡಕ್ಕೂ ಬಲಕ್ಕೂ ಕ್ಯಾಮೆರಾ ತಿರುಗಿಸುವ ಚಟ ನೋಡುವವರಿಗೆ ತಲೆನೋವು.

ನೀಲಿ ಬಣ್ಣ ಇಲ್ಲಿ ಮುಖ್ಯ. ಚಿತ್ರೀಕರಣಕ್ಕೆ ಮುನ್ನ ಅದೇ ಬೆಳಕಿನಲ್ಲಿ ಬಿಳಿಯ ಕಾಗದ ಹಿಡಿದು ಬಣ್ಣವನ್ನು ಹೊಂದಿಸಿಕೊಂಡರೆ, ದ್ರಾವಣದ ನಿಜವಾದ ಬಣ್ಣವೇ ಚಿತ್ರದಲ್ಲಿ ಬರುತ್ತದೆ. ತೋಟದ ಹಸಿರು ನೆರಳಿಗಿಂತ ಬಯಲಿನ ಬೆಳಗಿನ ಬಿಸಿಲು ಉತ್ತಮ. ಫೋನಿನಲ್ಲಿ ತೆಗೆಯುವವರು ಫೋನನ್ನು ಅಡ್ಡಲಾಗಿ ಹಿಡಿಯಬೇಕು, ಇಲ್ಲವಾದರೆ ಟಿ.ವಿ.ಯಲ್ಲಿ ಎರಡು ಕಡೆ ಕಪ್ಪು ಉಳಿಯುತ್ತದೆ. ಕೊನೆಗಾರನನ್ನು ಚಿತ್ರಕ್ಕಾಗಿ ಮತ್ತೊಮ್ಮೆ ಮರ ಹತ್ತಿಸಬೇಡಿ. ಅವನ ದಿನದ ಕೆಲಸವನ್ನೇ ಕೆಳಗಿನಿಂದ ಝೂಮ್ ಮಾಡಿ ಹಿಡಿಯಿರಿ.

ಸಂಕಲನ: ಕ್ರಮ ತಪ್ಪದ ಕೆಲಸ

ತೆಗೆದ ಚಿತ್ರವನ್ನು ಕತ್ತರಿಸಿ ಜೋಡಿಸುವುದಕ್ಕೆ ಸಂಕಲನ ಎನ್ನುತ್ತಾರೆ. ಇದಕ್ಕೆ ಈ ಕ್ರಮ ಅನುಸರಿಸಬಹುದು.

ಮೊದಲು ನಕಲು. ಕಾರ್ಡಿನಲ್ಲಿರುವುದನ್ನೆಲ್ಲ ಫೋಲ್ಡರ್ ಸಮೇತ ಕಂಪ್ಯೂಟರಿಗೂ ಹೊರಗಿನ ಡಿಸ್ಕಿಗೂ ನಕಲು ಮಾಡಿ. ಎವಿಸಿಎಚ್‌ಡಿ ಕ್ಯಾಮೆರಾಗಳು ದೀರ್ಘ ಚಿತ್ರವನ್ನು ತುಂಡುತುಂಡಾಗಿ ಬರೆಯುತ್ತವೆ. ಒಂದೆರಡು ಫೈಲುಗಳನ್ನು ಮಾತ್ರ ಆರಿಸಿ ತೆಗೆದರೆ ತುಂಡುಗಳು ಕೂಡುವ ಕಡೆ ಕೊಂಡಿ ತಪ್ಪಬಹುದು. ಎರಡು ಕಡೆ ನಕಲಾದುದನ್ನು ತೆರೆದು ನೋಡಿದ ಮೇಲೆಯೇ ಕಾರ್ಡನ್ನು ಅಳಿಸಬೇಕು. ಫೋಲ್ಡರಿಗೆ ದಿನಾಂಕ, ಊರು, ವಿಷಯದ ಹೆಸರು ಕೊಡಿ.

ಎರಡನೆಯದು ಕಂಪ್ಯೂಟರಿನ ಶಕ್ತಿ. ಈ ಚಿತ್ರಗಳನ್ನು ಬಹಳ ಒತ್ತಿ ಚಿಕ್ಕದು ಮಾಡಿರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ದಿನವೂ ಪೂರ್ತಿ ಆಸ್ತಿಯನ್ನು ಬರೆಯದೆ ಅಂದಂದಿನ ಜಮಾ ಖರ್ಚನ್ನು ಮಾತ್ರ ಬರೆದಂತೆ, ಇಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ಮಾತ್ರ ದಾಖಲಾಗುತ್ತದೆ. ಪೂರ್ತಿ ಚಿತ್ರ ತೋರಿಸಲು ಕಂಪ್ಯೂಟರ್ ಪ್ರತಿ ಬಾರಿಯೂ ಲೆಕ್ಕ ಕೂಡಬೇಕಾಗುತ್ತದೆ. ಹಳೆಯ ಕಂಪ್ಯೂಟರ್ ತಡವರಿಸುವುದು ಇದಕ್ಕಾಗಿಯೇ. 8 ಗಿಗಾಬೈಟ್ ರ‍್ಯಾಮ್ ಕನಿಷ್ಠ, 16 ಇದ್ದರೆ ಉತ್ತಮ. ಹಳೆಯ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಫೈಲುಗಳು ಬೇಗ ತೆರೆಯುತ್ತವೆ. ಆದರೂ ತಡವರಿಸಿದರೆ ಪ್ರಾಕ್ಸಿ ಎಂಬ ಉಪಾಯವುಂಟು: ಸಾಫ್ಟ್‌ವೇರ್ ತಾನೇ ಪ್ರತಿ ಚಿತ್ರದ ಹಗುರ ನಕಲನ್ನು ಮಾಡಿಕೊಡುತ್ತದೆ. ಕತ್ತರಿಸುವ ಕೆಲಸ ಹಗುರ ನಕಲಿನ ಮೇಲೆ, ಅಂತಿಮ ಚಿತ್ರ ಮೂಲದಿಂದ.

ಮೂರನೆಯದು ಸಾಫ್ಟ್‌ವೇರ್. ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಎಂಬುವು ಪೂರ್ತಿ ಉಚಿತ. ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತವೆ, ಪ್ರಾಕ್ಸಿ ಸೌಲಭ್ಯವೂ ಇದೆ. ಡಾವಿಂಚಿ ರಿಸಾಲ್ವ್ ಎಂಬುದರ ಉಚಿತ ಆವೃತ್ತಿ ಬಣ್ಣ ತಿದ್ದುವುದರಲ್ಲಿ ಬಹಳ ಸಮರ್ಥ, ಆದರೆ ಬಲವಾದ ಕಂಪ್ಯೂಟರ್ ಬೇಡುತ್ತದೆ. ಕದ್ದ ಸಾಫ್ಟ್‌ವೇರ್ ಹಾಕಿಸಿಕೊಂಡು ವೈರಸ್ಸಿಗೆ ದಾರಿ ಮಾಡಿಕೊಡಬೇಕಾದ ಅಗತ್ಯವೇ ಇಲ್ಲ.

ನಾಲ್ಕನೆಯದು ಜೋಡಣೆ. ಮೊದಲು ಕಾಗದದ ಪಟ್ಟಿಯ ಕ್ರಮದಲ್ಲಿ ಒರಟಾಗಿ ಜೋಡಿಸಿ. ಅನಂತರ ಬೇಡದ್ದನ್ನು ಕತ್ತರಿಸಿ. ಆಮೇಲೆ ಧ್ವನಿ ಸರಿಪಡಿಸಿ. ಅಕ್ಷರ ಕೊನೆಗೆ. ಹಿನ್ನೆಲೆ ಸಂಗೀತ ಮಾತನ್ನು ನುಂಗಬಾರದು, ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬರಬಹುದು. ಎಂಟು ಹತ್ತು ನಿಮಿಷಕ್ಕಿಂತ ಉದ್ದ ಬೇಡ.

ಕತ್ತರಿಯಲ್ಲಿ ಆಗಬಹುದಾದ ಅನಾಹುತ

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಸುರಿಯುವ ಎರಡು ಚಿತ್ರಗಳು ಅದಲುಬದಲಾದರೆ, ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಕೆಂದು ನೋಡುವವರು ತಿಳಿಯುತ್ತಾರೆ. ಚೂರಿ ಪರೀಕ್ಷೆ ಉದ್ದವಾಯಿತೆಂದು ಕತ್ತರಿಸಿದರೆ, ಸುಣ್ಣ ಸಾಲದ ದ್ರಾವಣವೇ ಗೊನೆಗೆ ಹೋಗಿ ಎಳೆಯ ಕಾಯಿ ಸುಡಬಹುದು. ‘1 ಕಿಲೊ’ ಎಂಬಲ್ಲಿ ‘10 ಕಿಲೊ’ ಎಂದು ಅಕ್ಷರ ಮೂಡಿದರೆ ಕೇಳುವುದೇ ಬೇಡ. ಬಾಯಿಮಾತಿನ ತಪ್ಪು ಒಂದು ಮನೆಗೆ, ವಿಡಿಯೊದ ತಪ್ಪು ತಾಲ್ಲೂಕಿಗೆಲ್ಲ. ಒಮ್ಮೆ ಫೋನಿನಿಂದ ಫೋನಿಗೆ ಹೋದುದನ್ನು ಹಿಂದಕ್ಕೆ ಕರೆಯಲಾಗದು.

ಆದ್ದರಿಂದ ಹೊರಗೆ ಬಿಡುವ ಮುನ್ನ ಮೂವರಿಗೆ ತೋರಿಸಿ. ಚಿತ್ರದಲ್ಲಿ ಕೆಲಸ ಮಾಡಿದ ರೈತನಿಗೆ, ಕೃಷಿ ವಿಜ್ಞಾನ ಕೇಂದ್ರದ ಅಥವಾ ರೈತ ಸಂಪರ್ಕ ಕೇಂದ್ರದ ತಿಳಿದವರಿಗೆ, ಮತ್ತು ಆ ಕೆಲಸವೇ ಗೊತ್ತಿಲ್ಲದ ಒಬ್ಬರಿಗೆ. ಮೂರನೆಯವರು ನೋಡಿದ ಮೇಲೆ ಕ್ರಮವನ್ನು ಸರಿಯಾಗಿ ಹೇಳಿದರೆ ಚಿತ್ರ ಗೆದ್ದಂತೆ. ಚಿತ್ರದಲ್ಲಿರುವವರ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು.

ಕನ್ನಡ ಅಕ್ಷರ ಒಡೆಯದಂತೆ

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಗೀಚಿದಂತೆ ಕಾಣುವುದುಂಟು. ಯೂನಿಕೋಡ್ ಅಕ್ಷರವನ್ನೇ ಬಳಸಿ. ಕೆಲವು ಸಾಫ್ಟ್‌ವೇರುಗಳಲ್ಲಿ ಒತ್ತಕ್ಷರ ಬೇರೆಯಾಗಿ ನಿಲ್ಲುತ್ತದೆ. ಅಡೋಬಿ ಪ್ರೀಮಿಯರಿನಲ್ಲಿ ಅಕ್ಷರ ವ್ಯವಸ್ಥೆಯನ್ನು ದಕ್ಷಿಣ ಏಷ್ಯದ ಭಾಷೆಗಳಿಗೆ ಬದಲಿಸಿದರೆ ಸರಿಹೋಗುತ್ತದೆ. ಯಾವುದರಲ್ಲೂ ಸರಿ ಬಾರದಿದ್ದರೆ ಅಕ್ಷರವನ್ನು ಬೇರೆಡೆ ಬರೆದು ಚಿತ್ರವಾಗಿ ಉಳಿಸಿ ಮೇಲೆ ಕೂಡಿಸಬಹುದು.

ತೋರಿಸುವ ಬಗೆ

ಅಂತಿಮ ಚಿತ್ರವನ್ನು ಎಂಪಿ4 ರೂಪದಲ್ಲಿ, ಎಚ್.264 ಪದ್ಧತಿಯಲ್ಲಿ ತೆಗೆದರೆ ಬಹುತೇಕ ಎಲ್ಲ ಫೋನು ಟಿ.ವಿ.ಗಳಲ್ಲೂ ನಡೆಯುತ್ತದೆ. ಪೂರ್ಣ ಎಚ್.ಡಿ.ಗೆ ಸೆಕೆಂಡಿಗೆ 8 ಮೆಗಾಬಿಟ್ ಸಾಕು, 10 ನಿಮಿಷದ ಚಿತ್ರ ಸುಮಾರು 600 ಮೆಗಾಬೈಟ್ ಆಗುತ್ತದೆ. ಇಂಟರ್‌ನೆಟ್ ನಿಧಾನವಿರುವ ಊರುಗಳಿಗೆ 720 ಸಾಲಿನ ಇನ್ನೊಂದು ಪ್ರತಿ ಇರಲಿ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಚಿತ್ರವನ್ನು ಮತ್ತೆ ಒತ್ತಿ ಮಸುಕು ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದಂತೆಯೇ ತಲುಪುತ್ತದೆ.

ಎಲ್ಲಕ್ಕಿಂತ ಉತ್ತಮ ದಾರಿ, ವಾಚನಾಲಯದಲ್ಲೋ ಡೇರಿಯಲ್ಲೋ ಹತ್ತಿಪ್ಪತ್ತು ಜನರನ್ನು ಕೂಡಿಸಿ ತೋರಿಸುವುದು. ನಡುವೆ ನಿಲ್ಲಿಸಿ, ಮುಂದೆ ಏನು ಮಾಡಬೇಕು ಎಂದು ಕೇಳಿ. ಯಾರು ಮಾಡಿ ನೋಡುತ್ತಾರೆಂದು ಹೆಸರು ಬರೆದುಕೊಂಡು, ಹದಿನೈದು ದಿನ ಬಿಟ್ಟು ವಿಚಾರಿಸಿ.

ಕೊಳೆರೋಗದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40-45 ದಿನಗಳ ನಂತರ. ಚಿತ್ರ ತೋರಿಸುವ ಕಾಲವೂ ಅದಕ್ಕೆ ಹೊಂದಬೇಕು. ಜುಲೈಯಲ್ಲಿ ಮುಗಿದ ಒಳ್ಳೆಯ ಚಿತ್ರಕ್ಕಿಂತ ಮೇ ತಿಂಗಳಲ್ಲಿ ಮುಗಿದ ಸಾಧಾರಣ ಚಿತ್ರ ಹೆಚ್ಚು ಗೊನೆ ಉಳಿಸುತ್ತದೆ. ಕ್ಯಾಮೆರಾ ಕೊಳ್ಳಲು ಸಭೆ ಕರೆಯುವ ಸಂಘಗಳು ಈ ಲೆಕ್ಕವನ್ನು ಮೊದಲು ಹಾಕಿಕೊಳ್ಳಲಿ. ಅಲ್ಲಿಯವರೆಗೆ ಕೈಯಲ್ಲಿರುವ ಫೋನಿನಿಂದಲೇ ಒಂದು ಚಿತ್ರ ತೆಗೆದು, ಜೋಡಿಸಿ, ತೋರಿಸಿ ನೋಡಲಿ. ಯಾವ ಕ್ಯಾಮೆರಾ ಬೇಕೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.